ಒಂದು ಬಿಸ್ಕತ್ತಿಗೆ ಒಂದು ಕಿಲೋಮೀಟರ್

ನಮ್ಮ ನಾಯಿ ಕೆಂಚ ಕಾರಿನೊಳಗೆ ತಾನಾಗಿ ಹಾರುವುದನ್ನು ನಿಲ್ಲಿಸಿದಾಗ ನಾವೆಲ್ಲ ನಕ್ಕಿದ್ದೆವು. ಮುಂಗಾಲು ಎರಡನ್ನೂ ಸೀಟಿನ ಮೇಲಿಟ್ಟು ಹಿಂದಕ್ಕೆ ತಿರುಗಿ ನನ್ನ ಮುಖ ನೋಡುತ್ತಿದ್ದ. ಹಿಂದಿನಿಂದ ಎತ್ತಿ ತಳ್ಳು ಎಂದು ಅದರ ಅರ್ಥ. "ಸಾಹೇಬರಿಗೆ ಈಗ ಆಳು ಬೇಕು" ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ನಾನೂ ಉಸಿರು ಬಿಗಿಹಿಡಿದು ತಳ್ಳುತ್ತಿದ್ದೆ. ಸೋಮಾರಿ ಆಗಿದ್ದಾನೆ, ಅಷ್ಟೇ ಅಂದುಕೊಂಡಿದ್ದೆ.

ಆಮೇಲೆ ಒಂದು ಬೆಳಿಗ್ಗೆ ಎದ್ದು ನಿಲ್ಲಲು ಎರಡು ಸಲ ಒದ್ದಾಡಿದ. ಎಡ ಮುಂಗಾಲು ಕುಂಟುತ್ತಿತ್ತು. ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ಸರಿಹೋಯಿತು. ಮರುದಿನವೂ ಹಾಗೇ. ಮುಳ್ಳು ಚುಚ್ಚಿದೆಯೇನೋ ಎಂದು ಪಾದ ತಿರುಗಿಸಿ, ಬೆರಳುಗಳ ಸಂದಿಯಲ್ಲೆಲ್ಲ ಹುಡುಕಿದೆ. ಏನೂ ಇರಲಿಲ್ಲ. ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆ. ನಾನು ಹೋಗಿದ್ದು ಕಾಲು ತೋರಿಸಲು. ಅವರು ಕಾಲು ಮುಟ್ಟುವ ಮೊದಲೇ ತೂಕದ ಯಂತ್ರದ ಕಡೆ ಕೈ ತೋರಿಸಿದರು.

41.6 ಕಿಲೋ.

ಕೆಂಚ ಲ್ಯಾಬ್ರಡಾರ್. ಆಗ ಅವನಿಗೆ ಆರು ವರ್ಷ. ಒಂದು ವರ್ಷದವನಿದ್ದಾಗಲೇ ಸಂತಾನಹರಣ ಆಪರೇಷನ್ ಆಗಿತ್ತು. "ಎಷ್ಟಿರಬೇಕು ಡಾಕ್ಟರ್?" ಎಂದು ಕೇಳಿದೆ. "ಇವನ ಮೂಳೆ, ಎತ್ತರ ನೋಡಿದರೆ 32ರ ಹತ್ತಿರ" ಎಂದರು. ನಾನು ಮನಸ್ಸಿನಲ್ಲೇ ಕಳೆದೆ. ಆಮೇಲೆ ಇನ್ನೊಂದು ಸಲ ಕಳೆದೆ. ಲೆಕ್ಕ ತಪ್ಪಿರಲಿಲ್ಲ.

"ದಪ್ಪ ಇದ್ದಾನೆ ಅಂತ ನಿಮಗೆ ಯಾವತ್ತೂ ಅನಿಸಲಿಲ್ವಾ?" ಎಂದು ಕೇಳಿದರು. ನಿಜವಾಗಿಯೂ ಅನಿಸಿರಲಿಲ್ಲ. ದಿನಾ ನೋಡುವವರಿಗೆ ಕಾಣುವುದಿಲ್ಲ. ಅದೂ ಅಲ್ಲದೆ ನಾನು ಕಂಡ ಲ್ಯಾಬ್ರಡಾರ್‌ಗಳೆಲ್ಲ ಹೀಗೇ ಇದ್ದವು. ಬೆನ್ನು ಮೇಜಿನ ಹಾಗೆ ಚಪ್ಪಟೆ, ಸೊಂಟ ಎಲ್ಲಿದೆ ಎಂದು ಹುಡುಕಬೇಕು. ಆ ತಳಿಯ ಆಕಾರವೇ ಹಾಗೆ ಅಂದುಕೊಂಡಿದ್ದೆ.

ಡಾಕ್ಟರ್ ಒಂದು ಸುಲಭದ ಪರೀಕ್ಷೆ ಹೇಳಿಕೊಟ್ಟರು. ಮೊದಲು ಮುಷ್ಟಿ ಕಟ್ಟಿ, ಇನ್ನೊಂದು ಕೈಯ ಬೆರಳಿನಿಂದ ಗೆಣ್ಣುಗಳ ಮೇಲೆ ಸವರಿ ನೋಡಬೇಕು. ನಾಯಿಯ ಪಕ್ಕೆಲುಬು ಹಾಗೆ ಸಿಕ್ಕಿದರೆ ತೀರಾ ಸಣಕಲು. ಈಗ ಮುಷ್ಟಿ ಬಿಚ್ಚಿ, ಬೆರಳು ಚಾಚಿ, ಕೈಯ ಹಿಂಬದಿಯನ್ನು ಸವರಬೇಕು. ಮೂಳೆ ಕಣ್ಣಿಗೆ ಎದ್ದು ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಪಕ್ಕೆಲುಬು ಹೀಗಿದ್ದರೆ ಸರಿ. ಕೊನೆಗೆ ಕೈ ಮಗುಚಿ, ಬೆರಳ ಬುಡದಲ್ಲಿ ಅಂಗೈಯನ್ನು ಒತ್ತಬೇಕು. ಮೆತ್ತಗೆ, ಮಾಂಸದ ಅಡಿಯಲ್ಲೆಲ್ಲೋ ಮೂಳೆ. "ಈಗ ಕೆಂಚನ್ನ ಮುಟ್ಟಿ" ಎಂದರು. ಮುಟ್ಟಿದೆ. ಅಂಗೈಗಿಂತಲೂ ಮೆತ್ತಗಿದ್ದ.

ಗೋಡೆಯ ಮೇಲೆ ಒಂದು ಚಾರ್ಟ್ ಇತ್ತು. 1ರಿಂದ 9ರವರೆಗೆ ನಾಯಿಯ ಚಿತ್ರಗಳು. 1 ಎಂದರೆ ಎಲುಬಿನ ಗೂಡು, 4 ಮತ್ತು 5 ಸರಿಯಾದದ್ದು, 9 ಎಂದರೆ ಪೀಪಾಯಿ. 5 ದಾಟಿದ ಮೇಲೆ ಒಂದೊಂದು ಅಂಕಕ್ಕೂ ಸುಮಾರು ಶೇ 10ರಷ್ಟು ತೂಕ ಜಾಸ್ತಿ ಎಂದು ಲೆಕ್ಕ. ಕೆಂಚನಿಗೆ 8 ಕೊಟ್ಟರು. ಪರೀಕ್ಷೆಯಲ್ಲಿ 9ಕ್ಕೆ 8 ಬಂದು ಬೇಜಾರಾಗಿದ್ದು ಅದೇ ಮೊದಲು.

ಎಕ್ಸ್‌ರೇಯಲ್ಲಿ ಮುಂಗಾಲಿನ ಮೊಣಕೈ ಕೀಲಿನಲ್ಲಿ ಸವೆತ ಶುರುವಾಗಿದ್ದು ಕಂಡಿತು. ರಕ್ತ ಪರೀಕ್ಷೆಗೂ ಬರೆದರು. ಥೈರಾಯ್ಡ್ ಕಡಿಮೆಯಿದ್ದರೂ ನಾಯಿಗಳು ದಪ್ಪಗಾಗುತ್ತವಂತೆ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಫಲಿತಾಂಶ ಬರುವವರೆಗೆ ಎರಡು ದಿನ ನಾನು ಥೈರಾಯ್ಡ್ ಇರಲಿ ಎಂದೇ ಬಯಸುತ್ತಿದ್ದೆ. ಮಾತ್ರೆ ಕೊಟ್ಟರೆ ಮುಗಿಯಿತು, ನಮ್ಮ ತಪ್ಪೇನೂ ಇಲ್ಲ, ಅಲ್ವಾ? ರಿಪೋರ್ಟ್ ಬಂತು. ಎಲ್ಲ ನಾರ್ಮಲ್. ನನ್ನ ನಾಯಿಗೆ ಕಾಯಿಲೆ ಇಲ್ಲವೆಂದು ತಿಳಿದು ನಾನು ಸಪ್ಪೆ ಮುಖ ಮಾಡಿಕೊಂಡು ಕುಳಿತಿದ್ದೆ.

ಇನ್ನೊಂದು ದಾರಿಯೂ ಹುಡುಕಿದ್ದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಲ್ಯಾಬ್ರಡಾರ್‌ಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಪಿಒಎಂಸಿ ಎಂಬ ಜೀನಿನ ಒಂದು ಚೂರು ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಕಾಣೆಯಾಗಿರುತ್ತದೆ. ಹೊಟ್ಟೆ ತುಂಬಿತು ಎಂಬ ಸುದ್ದಿ ಆ ನಾಯಿಗಳ ಮೆದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಇದನ್ನು ಓದಿ ನನಗೆ ನಿರಪರಾಧಿ ಎಂಬ ತೀರ್ಪು ಸಿಕ್ಕಷ್ಟು ಸಂತೋಷವಾಯಿತು. ಡಾಕ್ಟರಿಗೆ ಹೇಳಿದೆ. "ಇರಬಹುದು. ಆದರೆ ಆ ಜೀನಿನಿಂದ ಜಾಸ್ತಿಯಾಗೋದು ಸರಾಸರಿ ಎರಡು ಕಿಲೋ. ಮಿಕ್ಕಿದ್ದು?" ಎಂದರು. ನಾನು ಸುಮ್ಮನಿದ್ದೆ. "ಹಸಿವು ಅವನದು ಸರಿ. ಫ್ರಿಜ್ ಬಾಗಿಲು ತೆಗೆಯೋದು ಯಾರು?"

ನಂತರ ಬಂತು ನಿಜವಾದ ವಿಚಾರಣೆ.

"ಏನು ತಿನ್ನಿಸ್ತೀರಿ?"

"ಎರಡು ಹೊತ್ತು ಡಾಗ್ ಫುಡ್, ಒಂದೊಂದು ಮಗ್ಗು." ಹೆಮ್ಮೆಯಿಂದಲೇ ಹೇಳಿದೆ. ಅಳೆದು ಹಾಕುತ್ತೇವೆ ಎಂಬ ಹೆಮ್ಮೆ.

"ಯಾವ ಮಗ್ಗು?"

ಯಾವ ಮಗ್ಗು ಎಂದರೆ? ಮಗ್ಗು ಮಗ್ಗೇ. ಡಬ್ಬಿಯೊಳಗೆ ಬಿದ್ದಿರುತ್ತದೆ.

"ಅದು ಬಿಟ್ಟು ಬೇರೆ?"

"ಬೇರೇನಿಲ್ಲ. ಅಪರೂಪಕ್ಕೆ ಒಂದು ಬಿಸ್ಕತ್ತು."

ಅವರು ನಕ್ಕರು. ಒಂದು ವಾರ ಏನನ್ನೂ ಬದಲಾಯಿಸಬೇಡಿ, ಅವನ ಬಾಯಿಗೆ ಹೋಗುವುದನ್ನೆಲ್ಲ ಮನೆಯ ಎಲ್ಲರೂ ಬರೆದಿಡಿ, ಮಗ್ಗಿನ ಬದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಎಂದು ಹೇಳಿ ಕಳುಹಿಸಿದರು.

ಒಂಬತ್ತು ವರ್ಷದ ಮಗಳು ಈ ಕೆಲಸವನ್ನು ಕೈಗೆ ತೆಗೆದುಕೊಂಡಳು. ಹಳೆಯ ನೋಟ್‌ಬುಕ್ಕಿಗೆ ದಾರ ಕಟ್ಟಿ ಫ್ರಿಜ್ಜಿಗೆ ನೇತುಹಾಕಿದಳು. ಪಕ್ಕದಲ್ಲೇ ಪೆನ್ಸಿಲ್. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ನಾನು ಎಂದು ಐದು ಕಾಲಂ. ಸುಳ್ಳು ಬರೆಯಬಾರದು ಎಂದು ಮೇಲೆ ದೊಡ್ಡ ಅಕ್ಷರದಲ್ಲಿ.

ಮೊದಲ ಆಶ್ಚರ್ಯ ಮಗ್ಗಿನದು. ನಾನು ತುಂಬಿಸಿದರೆ 185 ಗ್ರಾಂ. ಅದೇ ಮಗ್ಗನ್ನು ಅಪ್ಪ ತುಂಬಿಸಿದರೆ 215. ಅವರು ಮೇಲೆ ಸವರಿ ಮಟ್ಟ ಮಾಡುವುದಿಲ್ಲ, ಗೋಪುರ ಕಟ್ಟುತ್ತಾರೆ. ಇನ್ನೂ ದೊಡ್ಡ ತಪ್ಪು ಪ್ಯಾಕೆಟ್ಟಿನ ಹಿಂಭಾಗದಲ್ಲಿ ಸಿಕ್ಕಿತು. ನಾಯಿಯ ತೂಕ ಇಷ್ಟಿದ್ದರೆ ಇಷ್ಟು ಗ್ರಾಂ ಎಂದು ಅಲ್ಲಿ ಒಂದು ಪಟ್ಟಿ ಇರುತ್ತದಲ್ಲ, ಅದನ್ನು ನಾನು 40 ಕಿಲೋದ ಸಾಲಿನಲ್ಲಿ ಓದುತ್ತಿದ್ದೆ. ಯಾಕೆಂದರೆ ಅವನು 40 ಕಿಲೋ ಇದ್ದ! ಅವನು ದಪ್ಪಗಾದಷ್ಟೂ ಪಟ್ಟಿಯಲ್ಲಿ ಕೆಳಗಿನ ಸಾಲಿಗೆ ಇಳಿಯುತ್ತಾ, ಹಾಕುವುದನ್ನೂ ಜಾಸ್ತಿ ಮಾಡುತ್ತಾ ಬಂದಿದ್ದೇನೆ. ಓದಬೇಕಾದದ್ದು ಇರಬೇಕಾದ ತೂಕದ ಸಾಲನ್ನು. ಅದೂ ಆಪರೇಷನ್ ಆದ ನಾಯಿಗೆ ಇನ್ನೂ ಕಡಿಮೆ ಸಾಕು. ಆ ಆಪರೇಷನ್ ಆದ ಮೇಲೆ ದೇಹಕ್ಕೆ ಬೇಕಾಗುವ ಶಕ್ತಿ ಶೇ 20ರಿಂದ 30ರಷ್ಟು ಇಳಿಯುತ್ತದೆ, ಹಸಿವು ಮಾತ್ರ ಏರುತ್ತದೆ. ಐದು ವರ್ಷದ ಹಿಂದೆ ಇದನ್ನು ಯಾರೋ ಹೇಳಿರಬಹುದು. ನನ್ನ ಕಿವಿಗೆ ಬಿದ್ದಿರಲಿಲ್ಲ.

ವಾರದ ಕೊನೆಗೆ ಲೆಕ್ಕ ಹಾಕಿದೆವು. ಡಾಗ್ ಫುಡ್ ದಿನಕ್ಕೆ ಸುಮಾರು 400 ಗ್ರಾಂ. ನಮ್ಮ ಪ್ಯಾಕೆಟ್ಟಿನಲ್ಲಿ 100 ಗ್ರಾಂಗೆ 360 ಕ್ಯಾಲೊರಿ ಎಂದಿತ್ತು. ಅಲ್ಲಿಗೆ 1,440. ಅಜ್ಜನ ಕಾಲಂನಲ್ಲಿ, ಅಂದರೆ ನನ್ನ ಅಪ್ಪನದರಲ್ಲಿ, ಬೆಳಿಗ್ಗೆ ವಾಕಿಂಗಿಗೆ ಎರಡು ಬಿಸ್ಕತ್ತು, ಸಂಜೆ ಎರಡು. ಒಂದಕ್ಕೆ 40ರಂತೆ 160. ಅಮ್ಮ ಬ್ರೆಡ್ಡಿನ ಅಂಚು ಕತ್ತರಿಸಿ, ಹಾಲಿನ ಕೆನೆ ಸವರಿ ಕೊಡುತ್ತಿದ್ದಳು. ಹೆಂಡತಿ ಏನೂ ಕೊಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದಳು, ಆದರೆ ಅಡುಗೆ ಮಾಡುವಾಗ ಕೈಜಾರಿ ಬಿದ್ದದ್ದು ಅವನದು. ಇತ್ತೀಚೆಗೆ ಅವಳ ಕೈ ತುಂಬಾ ಜಾರುತ್ತಿತ್ತು. ಮಗಳು ತನ್ನ ತಟ್ಟೆಯಲ್ಲಿ ಬೇಡವಾದದ್ದನ್ನು ಮೇಜಿನ ಕೆಳಗೆ ರವಾನೆ ಮಾಡುತ್ತಿದ್ದಳು.

ಆಮೇಲೆ ನನ್ನ ಕಾಲಂ. ಬೆಳಿಗ್ಗೆ ಒಂದು ಬೇಯಿಸಿದ ಮೊಟ್ಟೆ, ಪ್ರೋಟೀನ್ ಒಳ್ಳೆಯದಲ್ವಾ ಎಂದು. ಹಲ್ಲು ಸ್ವಚ್ಛ ಆಗಲಿ ಎಂದು ಅಗಿಯುವ ಕಡ್ಡಿ ಒಂದು. ಅದರಲ್ಲೇ 90 ಕ್ಯಾಲೊರಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ. ಹತ್ತೂವರೆಗೆ ಫ್ರಿಜ್ ತೆಗೆದು ಚೀಸ್ ಒಂದು ಹೋಳು ತಿನ್ನುತ್ತೇನೆ. ಅವನಿಗೂ ಒಂದು. ಕೆಲವು ದಿನ ಎರಡು. ಎಲ್ಲ ಸೇರಿ 300 ದಾಟಿತು. ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ. ಕಳ್ಳನನ್ನು ಹಿಡಿಯಲು ಹೊರಟವನ ಮನೆಯಲ್ಲೇ ಮಾಲು ಸಿಕ್ಕಿದ ಹಾಗಾಯಿತು.

ಒಟ್ಟು 2,000 ದಾಟಿತ್ತು.

ಎಷ್ಟಿರಬೇಕು? ಡಾಕ್ಟರ್ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದರು. ಮನೆಯಲ್ಲೂ ಮಾಡಬಹುದು. ಇರಬೇಕಾದ ತೂಕವನ್ನು ಅದರಿಂದಲೇ ಎರಡು ಸಲ ಗುಣಿಸಬೇಕು, 32×32×32. ಬಂದ ಸಂಖ್ಯೆಗೆ ಕ್ಯಾಲ್ಕುಲೇಟರ್‌ನಲ್ಲಿ ವರ್ಗಮೂಲದ ಗುಂಡಿ ಎರಡು ಸಲ ಒತ್ತಬೇಕು. ಅದನ್ನು 70ರಿಂದ ಗುಣಿಸಬೇಕು. ಸುಮಾರು 940 ಬಂತು. ಸುಮ್ಮನೆ ಮಲಗಿದ್ದರೂ 32 ಕಿಲೋ ನಾಯಿಯ ದೇಹ ಖರ್ಚು ಮಾಡುವ ಶಕ್ತಿ ಅದು. ತೂಕ ಇಳಿಸಬೇಕಾದ ನಾಯಿಗೆ ಅಲ್ಲಿಂದ ಶುರು ಮಾಡುತ್ತಾರೆ. ನಾವು ಅದರ ಎರಡರಷ್ಟಕ್ಕಿಂತ ಜಾಸ್ತಿ ತಿನ್ನಿಸುತ್ತಿದ್ದೆವು.

"ಹಾಗಾದರೆ ಈಗ ಹಾಕೋದನ್ನೇ ಅರ್ಧ ಮಾಡಿದರೆ ಆಯ್ತಲ್ಲ" ಎಂದೆ. ಬೇಡ ಎಂದರು. ಮಾಮೂಲಿ ಆಹಾರವನ್ನು ಅಷ್ಟು ಕಡಿತ ಮಾಡಿದರೆ ಕ್ಯಾಲೊರಿಯ ಜೊತೆಗೆ ಪ್ರೋಟೀನ್, ವಿಟಮಿನ್, ಖನಿಜಗಳೂ ಅರ್ಧವಾಗುತ್ತವೆ. ಕೊಬ್ಬಿನ ಬದಲು ಮಾಂಸಖಂಡ ಕರಗುತ್ತದೆ. ತೂಕ ಇಳಿಸಲೆಂದೇ ಮಾಡಿದ ಆಹಾರ ಬರೆದುಕೊಟ್ಟರು. ಅದರಲ್ಲಿ ಪ್ರೋಟೀನ್, ನಾರು ಜಾಸ್ತಿ, ಕೊಬ್ಬು ಕಡಿಮೆ. 100 ಗ್ರಾಂಗೆ 300 ಕ್ಯಾಲೊರಿ. ದಿನಕ್ಕೆ 310 ಗ್ರಾಂ. ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಒಂದು ವಾರದಲ್ಲಿ ಪೂರ್ತಿ ಹೊಸದಕ್ಕೆ ಬಂದೆವು. ತಿಂಡಿ, ಬಹುಮಾನ ಏನೇ ಇರಲಿ, ದಿನದ ಕ್ಯಾಲೊರಿಯ ಹತ್ತರಲ್ಲಿ ಒಂದು ಪಾಲು ದಾಟಬಾರದು. ನಮ್ಮ ಲೆಕ್ಕದಲ್ಲಿ ಅದು 94. ಎರಡು ಬಿಸ್ಕತ್ತು ಕೊಟ್ಟು ಕೈ ತೊಳೆದುಕೊಂಡರೆ ಮುಗಿಯಿತು.

ವಾರಕ್ಕೆ ದೇಹದ ತೂಕದ ಶೇ 1ರಿಂದ 2ರಷ್ಟು ಇಳಿದರೆ ಸಾಕು, ಅದಕ್ಕಿಂತ ಬೇಗ ಬೇಡ ಎಂದರು. ಅಂದರೆ 400ರಿಂದ 800 ಗ್ರಾಂ.

ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಏಳು ಕಿಲೋದ ಬೆಕ್ಕಿದೆ. ಈ ಕಥೆ ಕೇಳಿ, "ನಮ್ಮದಕ್ಕೂ ನಾಳೆಯಿಂದ ಅರ್ಧ ಊಟ" ಎಂದುಬಿಟ್ಟರು. ಡಾಕ್ಟರ್ ನನಗೆ ಹೇಳಿದ್ದನ್ನೇ ಅವರಿಗೆ ಹೇಳಿದೆ: ಬೆಕ್ಕಿನ ವಿಷಯದಲ್ಲಿ ಮನೆಯಲ್ಲೇ ಉಪವಾಸದ ಪ್ರಯೋಗ ಮಾಡಬಾರದು. ದಪ್ಪ ಬೆಕ್ಕು ಕೆಲವೇ ದಿನ ಊಟ ಬಿಟ್ಟರೂ ದೇಹದ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ತುಂಬಿಕೊಂಡು, ಜೀವಕ್ಕೇ ಅಪಾಯವಾಗುತ್ತದೆ. ಹೊಸ ಆಹಾರ ಇಷ್ಟವಾಗದೆ ಮುಖ ತಿರುಗಿಸಿಕೊಂಡು ಕೂತರೂ ಅದೇ ಗತಿ. ಬೆಕ್ಕಿಗೆ ಇನ್ನೂ ನಿಧಾನ, ಅದೂ ಡಾಕ್ಟರ್ ಕಣ್ಗಾವಲಿನಲ್ಲಿ. ಅವರು ಅಪಾಯಿಂಟ್‌ಮೆಂಟ್ ತೆಗೆದುಕೊಂಡರು.

ನಮ್ಮ ಮೊದಲ ಹದಿನೈದು ದಿನ ನಾಟಕದ್ದು. ಕೆಂಚ ಊಟವನ್ನು ಅರ್ಧ ನಿಮಿಷದಲ್ಲಿ ಮುಗಿಸಿ, ಬಟ್ಟಲನ್ನು ಬಾಯಲ್ಲಿ ಕಚ್ಚಿಕೊಂಡು ಒಬ್ಬೊಬ್ಬರ ಮುಂದೆಯೂ ತಂದಿಡುತ್ತಿದ್ದ. ನಿಟ್ಟುಸಿರು ಬಿಡುತ್ತಿದ್ದ. ನಾವು ತಿನ್ನುವಾಗ ಮೊಣಕಾಲಿನ ಮೇಲೆ ಗದ್ದವಿಟ್ಟು ಜೊಲ್ಲು ಸುರಿಸುತ್ತಿದ್ದ. ಮೊದಲು ಬರೀ ನೋಡುತ್ತಿದ್ದವನು ಈಗ ಬೊಗಳಲು ಶುರು ಮಾಡಿದ. ಅಲ್ಲಿಯವರೆಗೆ ನೋಡಿದರೆ ಸಿಗುತ್ತಿತ್ತು. ಈಗ ಸಿಗುತ್ತಿಲ್ಲವಾದ್ದರಿಂದ ದನಿ ಏರಿಸಿದ್ದ. ಈ ಹಂತದಲ್ಲಿ ಯಾರಾದರೂ ಕರಗಿ ಒಂದು ತುತ್ತು ಕೊಟ್ಟರೆ, ಬೊಗಳಿದರೆ ಸಿಗುತ್ತದೆ ಎಂದು ಅವನು ಕಲಿತುಬಿಡುತ್ತಾನೆ ಎಂಬ ಎಚ್ಚರಿಕೆ ನಮಗೆ ಸಿಕ್ಕಿತ್ತು. ಒಂದು ರಾತ್ರಿ ಕಸದ ಬುಟ್ಟಿ ಉರುಳಿಸಿದ. ಮರುದಿನವೇ ಮುಚ್ಚಳದ ಬುಟ್ಟಿ ಬಂತು.

ಉಪಾಯಗಳು ಒಂದೊಂದಾಗಿ ಹೊಳೆದವು. ಎರಡು ಹೊತ್ತಿನ ಊಟವನ್ನು ಮೂರು ಮಾಡಿದೆವು, ತೂಕ ಅಷ್ಟೇ. ಬಟ್ಟಲನ್ನು ಪಕ್ಕಕ್ಕಿಟ್ಟು, ಸಂಜೆಯ ಪಾಲನ್ನು ಹುಲ್ಲಿನ ಮೇಲೆ ಚೆಲ್ಲಿದೆವು. ಅರ್ಧ ನಿಮಿಷದ ಊಟ ಇಪ್ಪತ್ತು ನಿಮಿಷಕ್ಕೆ ಹೋಯಿತು. ಮೂಗು ನೆಲಕ್ಕೆ ಹಚ್ಚಿ, ಬಾಲ ಆಡಿಸುತ್ತಾ ಒಂದೊಂದೇ ಕಾಳು ಹುಡುಕುತ್ತಿದ್ದ. ಮಳೆ ಬಂದ ದಿನ ಹಳೆಯ ಟವಲಿನಲ್ಲಿ ಸುತ್ತಿ ಕೊಡುತ್ತಿದ್ದೆವು, ಬಿಚ್ಚಿಕೊಂಡು ತಿನ್ನಲಿ ಎಂದು. ಮಗಳು ಸೌತೆಕಾಯಿ, ಕ್ಯಾರೆಟ್ ಹೋಳು ಮಾಡಿ ಡಬ್ಬಿಯಲ್ಲಿ ಇಟ್ಟಳು. ಕೀಲುನೋವಿನ ಮಾತ್ರೆಯನ್ನು ನಾನು ಚೀಸಿನಲ್ಲಿ ಅಡಗಿಸಿ ಕೊಡುತ್ತಿದ್ದೆ ಎಂಬುದೂ ಆಗಲೇ ನೆನಪಾಯಿತು. ತೂಕದಿಂದ ಬಂದ ನೋವಿಗೆ ಮಾತ್ರೆ, ಆ ಮಾತ್ರೆಯ ಸುತ್ತ ಇನ್ನಷ್ಟು ತೂಕ! ನೆನೆಸಿದ ಡಾಗ್ ಫುಡ್ಡಿನ ಉಂಡೆಯೊಳಗೆ ಇಟ್ಟರೂ ನುಂಗಿದ.

ವ್ಯಾಯಾಮದ ಬಗ್ಗೆ ನನಗೆ ದೊಡ್ಡ ನಂಬಿಕೆ ಇತ್ತು. ಚೆನ್ನಾಗಿ ಓಡಿಸಿದರೆ ಕರಗುತ್ತದೆ ಅಂದುಕೊಂಡಿದ್ದೆ. ಡಾಕ್ಟರ್ ಅದಕ್ಕೂ ತಣ್ಣೀರು ಹಾಕಿದರು. ನಾಯಿ ಒಂದು ಕಿಲೋಮೀಟರ್ ನಡೆದರೆ, ಅದರ ತೂಕದ ಒಂದೊಂದು ಕಿಲೋಗೆ ಸುಮಾರು ಒಂದು ಕ್ಯಾಲೊರಿ ಖರ್ಚು. 40 ಕಿಲೋದ ಕೆಂಚ ಒಂದು ಕಿಲೋಮೀಟರ್ ನಡೆದರೆ 40 ಕ್ಯಾಲೊರಿ. ಅಪ್ಪನ ಒಂದು ಬಿಸ್ಕತ್ತು. ಎರಡು ಕಿಲೋಮೀಟರ್ ನಡೆಸಿ, ದಾರಿಯಲ್ಲಿ ಎರಡು ಬಿಸ್ಕತ್ತು ಕೊಟ್ಟು ಕರೆದುಕೊಂಡು ಬಂದರೆ ಲೆಕ್ಕ ಚುಕ್ತಾ. ಹಾಗೆಂದು ನಡಿಗೆ ಬಿಡುವಂತಿಲ್ಲ. ಮಾಂಸಖಂಡ ಉಳಿಯಲು, ಕೀಲು ಹಿಡಿದುಕೊಳ್ಳದಿರಲು ಬೇಕು. ಚೆಂಡು ಎಸೆದು ಹಾರಿಸುವುದು ಬೇಡ, ಹತ್ತು ಹತ್ತು ನಿಮಿಷ ನಿಧಾನ ನಡಿಗೆ, ಅದೂ ಬಿಸಿಲೇರುವ ಮೊದಲು. ಕೊಬ್ಬಿನ ಕಂಬಳಿ ಹೊದ್ದ ನಾಯಿಗೆ ಸೆಖೆ ಬೇಗ ತಾಗುತ್ತದೆ.

ಹದಿನೈದು ದಿನಕ್ಕೊಮ್ಮೆ ತೂಕ. 41.6 ಇದ್ದದ್ದು 40.9. ಆಮೇಲೆ 40.2. ಆಮೇಲೆ 39.6. ಮಗಳು ಗ್ರಾಫ್ ಎಳೆದಳು. ಎಂಟನೇ ವಾರಕ್ಕೆ 39.8.

"ಗಾಳಿ ಕುಡಿದರೆ ತೂಕ ಏರಲ್ಲ" ಎಂದಷ್ಟೇ ಡಾಕ್ಟರ್ ಹೇಳಿದ್ದು.

ಮನೆಗೆ ಬಂದು ನೋಟ್‌ಬುಕ್ ನೋಡಿದೆ. ಎಲ್ಲ ಸರಿಯಾಗಿತ್ತು. ಎರಡು ದಿನದ ನಂತರ ಬಟ್ಟೆ ಒಗೆಯಲು ಹಾಕುವಾಗ ಅಪ್ಪನ ಅಂಗಿಯ ಜೇಬು ತಿರುವಿದೆ. ಬಿಸ್ಕತ್ತಿನ ಪುಡಿ.

"ಅಪ್ಪ, ಕೆಂಚನಿಗೆ ಬಿಸ್ಕತ್ತು ಕೊಡ್ತಿದ್ದೀರಾ?"

"ಒಂದೇ ಒಂದು."

"ದಿನಕ್ಕಾ?"

ಸ್ವಲ್ಪ ಹೊತ್ತು ಬಿಟ್ಟು, "ಒಂದು ಸಲಕ್ಕೆ" ಎಂದರು.

ನನಗೆ ಸಿಟ್ಟು ಬಂತು. "ಅವನ ಕಾಲು ಹಾಳು ಮಾಡ್ತಿರೋದು ನಿಮ್ಮ ಈ ಪ್ರೀತಿಯೇ" ಎಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ನನ್ನ ಚೀಸಿನ ಲೆಕ್ಕ ಅದೇ ಫ್ರಿಜ್ಜಿಗೆ ನೇತಾಡುತ್ತಿತ್ತು. ಅಪ್ಪ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ವಾಕಿಂಗಿಗೆ ಒಬ್ಬರೇ ಹೋದರು. ಅದರ ಮರುದಿನವೂ. ಕೆಂಚ ಬಾಗಿಲಿಗೆ ಮೂಗು ಒತ್ತಿಕೊಂಡು ಅವರು ಬರುವವರೆಗೂ ಮಲಗಿರುತ್ತಿದ್ದ.

ಅಮ್ಮ ಅಡುಗೆಮನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. "ರಿಟೈರ್ ಆದ ಮೇಲೆ ಅವರು ಹೊರಗಿಂದ ಬಂದರೆ ಎದ್ದು ಬರೋನು ಅವನೊಬ್ಬನೇ ಕಣೋ. ನೀವೆಲ್ಲ ಫೋನ್ ನೋಡ್ತಾ ಕೂತಿರ್ತೀರಿ. ಜೇಬಲ್ಲಿ ಏನೂ ಇಲ್ಲದಿದ್ರೆ ಅವನೂ ಬರಲ್ವೇನೋ ಅಂತ ಅವರಿಗೆ ಭಯ" ಎಂದಳು.

ನಾನು ನಿಂತಲ್ಲೇ ನಿಂತೆ. ಐದು ಕಾಲಂ ಬರೆದು, ಕ್ಯಾಲೊರಿ ಕೂಡಿಸಿ, ಎಲ್ಲ ತಿಳಿದುಕೊಂಡೆ ಅಂದುಕೊಂಡಿದ್ದೆ. ಯಾರು ಯಾಕೆ ಕೊಡುತ್ತಾರೆ ಎಂಬ ಕಾಲಂ ಇರಲಿಲ್ಲ. ನನ್ನದನ್ನೂ ಯೋಚಿಸಿದೆ. ರಾತ್ರಿ ಹತ್ತೂವರೆಯ ಚೀಸ್ ಅವನಿಗೆ ಬೇಕಿತ್ತೋ, ಒಬ್ಬನೇ ಕದ್ದು ತಿನ್ನಲು ನನಗೆ ಜೊತೆ ಬೇಕಿತ್ತೋ?

ಮುಂದಿನ ಭೇಟಿಗೆ ಅಪ್ಪನನ್ನೂ ಕರೆದುಕೊಂಡು ಹೋದೆ. ಅಪ್ಪ ನೇರವಾಗಿಯೇ ಕೇಳಿದರು. "ಹೊಟ್ಟೆಗೆ ಕಡಿಮೆ ಹಾಕಿ ಬದುಕಿಸೋದು ಎಂಥ ಬದುಕು ಡಾಕ್ಟ್ರೇ? ಇರೋವಷ್ಟು ದಿನ ಖುಷಿಯಾಗಿ ತಿನ್ನಲಿ." ಡಾಕ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ. ಒಂದು ಹಳೆಯ ಅಧ್ಯಯನದ ಬಗ್ಗೆ ಹೇಳಿದರು. ನಾಯಿ ಆಹಾರ ಮಾರುವ ಕಂಪನಿಯೊಂದೇ ಮಾಡಿಸಿದ್ದು, 2002ರಲ್ಲಿ ಪ್ರಕಟವಾದದ್ದು. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿ ಮಾಡಿದರು. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಊಟ, ಜೀವ ಇರುವವರೆಗೂ. ಜಾಸ್ತಿ ತಿಂದ ಗುಂಪಿನ ಆಯಸ್ಸು ಮಧ್ಯಮ ಲೆಕ್ಕದಲ್ಲಿ 11.2 ವರ್ಷ. ಕಡಿಮೆ ತಿಂದವುಗಳದು 13. ಅವಕ್ಕೆ ಕೀಲುನೋವಿನ ಚಿಕಿತ್ಸೆ ಬೇಕಾದದ್ದೂ ತಡವಾಗಿ.

ಅಪ್ಪ ಬೆರಳು ಮಡಿಸುತ್ತಾ ಕುಳಿತರು. "ಹತ್ತಿರ ಹತ್ತಿರ ಎರಡು ವರ್ಷ" ಎಂದರು. ಮತ್ತೆ ಏನೂ ಮಾತಾಡಲಿಲ್ಲ.

ಡಬ್ಬಿಯ ಉಪಾಯ ಅಲ್ಲಿಯ ನರ್ಸ್ ಕೊಟ್ಟದ್ದು. ಬೆಳಿಗ್ಗೆಯೇ ದಿನದ 310 ಗ್ರಾಂ ತೂಗಿ ಒಂದು ಡಬ್ಬಿಗೆ ಹಾಕಬೇಕು. ಯಾರು ಏನೇ ಕೊಡಲಿ, ಅದರಿಂದಲೇ ಕೊಡಬೇಕು. ಡಬ್ಬಿ ಖಾಲಿಯಾದರೆ ಅವತ್ತಿನ ಅಂಗಡಿ ಬಂದ್. ಅದರಲ್ಲಿ 30 ಗ್ರಾಂ ತೆಗೆದು ಬೇರೆ ಪುಟ್ಟ ಡಬ್ಬಿಗೆ ಹಾಕಿ ಅಪ್ಪನ ಕೈಗೆ ಕೊಟ್ಟೆ. "ಇದು ಅವನ ಊಟದ್ದೇ ಕಾಳು. ಇದಕ್ಕೆಲ್ಲ ಅವನು ಖುಷಿಪಡಲ್ಲ" ಎಂದರು. ಪರೀಕ್ಷೆ ಮಾಡೋಣ ಎಂದೆ. ಅಪ್ಪ ಜೇಬಿಗೆ ಕೈ ಹಾಕಿದರು. ಕೆಂಚ ಕೂತ. ಒಂದು ಕಾಳು ಕೊಟ್ಟರು. ಬಿಸ್ಕತ್ತಿಗೆ ಆಡುತ್ತಿದ್ದ ಬಾಲ ಅಷ್ಟೇ ಜೋರಾಗಿ ಆಡಿತು. ಅಪ್ಪ ಇನ್ನೊಂದು ಕೊಟ್ಟರು. ಮತ್ತೊಂದು. ನಾಲ್ಕು ಬಿಸ್ಕತ್ತಿನ ಜಾಗದಲ್ಲಿ ಎಷ್ಟೋ ಕಾಳು, ಅಷ್ಟೂ ಸಲ ಜೇಬಿಗೆ ಕೈ ಹಾಕುವ ಸುಖ. ಬೆಳಗಿನ ತೂಗುವ ಕೆಲಸವನ್ನೂ ಅವರೇ ವಹಿಸಿಕೊಂಡರು. ಅವರಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿಲ್ಲ ಎಂದು ಆಮೇಲೆ ಗೊತ್ತಾಯಿತು. 311 ಬಂದರೆ ಕಾಳು ತೆಗೆಯುತ್ತಾರೆ.

ಅಲ್ಲಿಂದ ಮತ್ತೆ ಇಳಿಯಿತು. ತೂಕದಲ್ಲಿ ಶೇ 6ರಷ್ಟು ಇಳಿದರೂ ಕುಂಟುವುದು ಕಡಿಮೆಯಾಗುವುದನ್ನು ಅಧ್ಯಯನಗಳಲ್ಲಿ ಕಂಡಿದ್ದಾರೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ನಮ್ಮ ಲೆಕ್ಕದಲ್ಲಿ ಅದು ಎರಡೂವರೆ ಕಿಲೋ, ಅಂದರೆ 39ರ ಹತ್ತಿರ. ನಾನು ಅಷ್ಟೊಂದು ನಂಬಿರಲಿಲ್ಲ. ಹನ್ನೊಂದನೇ ವಾರದ ಒಂದು ಬೆಳಿಗ್ಗೆ ಅವನು ಒಂದೇ ಸಲಕ್ಕೆ ಎದ್ದು ನಿಂತ. ಮೈ ಕೊಡವಿ ನೀರು ಕುಡಿಯಲು ಹೋದ. ಅವನು ಹೋದ ಮೇಲೆ ನನಗೆ ಹೊಳೆಯಿತು. ಮಾತ್ರೆಯನ್ನೂ ಡಾಕ್ಟರ್ ಸ್ವಲ್ಪ ಸ್ವಲ್ಪವಾಗಿ ಇಳಿಸಿದರು.

35ರ ಹತ್ತಿರ ಮತ್ತೆ ನಿಂತಿತು. ಈ ಸಲ ಯಾರ ಜೇಬನ್ನೂ ತಡಕಲಿಲ್ಲ. ದೇಹ ಹಗುರಾದಷ್ಟೂ ಅದರ ಖರ್ಚೂ ಕಡಿಮೆಯಾಗುತ್ತದೆ. ದಿನದ ಪಾಲನ್ನು 280ಕ್ಕೆ ಇಳಿಸಿದೆವು, ನಡಿಗೆಯನ್ನು ಹೊತ್ತಿಗೆ ಅರ್ಧ ಗಂಟೆಗೆ ಏರಿಸಿದೆವು. ನಾಲ್ಕು ವಾರ ಮಿಸುಕಲಿಲ್ಲ. ಐದನೆಯ ವಾರ ಇಳಿಯಿತು.

ಕೊನೆಯ ಎರಡು ಕಿಲೋ ಇಳಿಸುವಾಗ ಹೊರಗಿನವರ ಕಾಟ ಶುರುವಾಯಿತು. "ಪಾಪ, ಎಷ್ಟು ಸೊರಗಿಹೋಗಿದ್ದಾನೆ! ಹುಷಾರಿಲ್ವಾ?" ಎಂದು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಒಬ್ಬರು ಊಟ ಸರಿಯಾಗಿ ಹಾಕುತ್ತಿಲ್ಲವೆಂದು ಮುಖದ ಮೇಲೆಯೇ ಹೇಳಿದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಒಂದು ವರ್ಷದ ಹಿಂದೆ ನನ್ನ ಕಣ್ಣೂ ಅದೇ ಅಳತೆಯದ್ದಾಗಿತ್ತು. ಅಪ್ಪ ಮಾತ್ರ ಬಿಡುತ್ತಿರಲಿಲ್ಲ. ಅಲ್ಲೇ ನಿಲ್ಲಿಸಿ, ಮುಷ್ಟಿ ಕಟ್ಟಿಸಿ, ಬಿಚ್ಚಿಸಿ, ಗೆಣ್ಣು ಮುಟ್ಟಿಸಿ, ಆಮೇಲೆ ಕೆಂಚನ ಪಕ್ಕೆ ಮುಟ್ಟಿಸಿ ಕಳುಹಿಸುತ್ತಿದ್ದರು.

ಹತ್ತು ತಿಂಗಳು ಹಿಡಿಯಿತು, 32.6ಕ್ಕೆ ಬರಲು. ಇಷ್ಟು ಸಾಕು ಎಂದರು ಡಾಕ್ಟರ್. ಆದರೆ ಹಳೆಯ ಮಗ್ಗಿಗೆ ವಾಪಸ್ ಹೋಗುವಂತಿಲ್ಲ. ಊಟವನ್ನು ಶೇ 10ರಷ್ಟು ಏರಿಸುವುದು, ಎರಡು ವಾರ ಬಿಟ್ಟು ತೂಗುವುದು, ಸ್ಥಿರವಾಗಿದ್ದರೆ ಅಲ್ಲಿಗೆ ನಿಲ್ಲಿಸುವುದು. ಇಳಿದ ನಾಯಿಗಳಲ್ಲಿ ಬಹಳಷ್ಟು ಮತ್ತೆ ಏರುತ್ತವೆ, ಅದಕ್ಕೇ ತಿಂಗಳಿಗೊಮ್ಮೆ ತೂಕ ತಪ್ಪಿಸಬೇಡಿ ಎಂದರು. ಕಾರಿನ ಬಾಗಿಲು ತೆಗೆದರೆ ಈಗ ನನಗಿಂತ ಮೊದಲು ಒಳಗೆ ಹಾರಿ ಕೂತಿರುತ್ತಾನೆ. ಕೀಲಿನ ಮೇಲೆ ಧಕ್ಕೆ ಬೀಳುತ್ತದೆ, ಹಾರಿಸಬೇಡಿ ಎಂದು ಡಾಕ್ಟರ್ ಬೈದ ಮೇಲೆ ಒಂದು ಇಳಿಜಾರು ಹಲಗೆ ಮಾಡಿಸಿದ್ದೇವೆ. ಅವನು ಅದನ್ನು ಮೂಸಿ ನೋಡಿ, ಪಕ್ಕದಿಂದ ಹಾರುತ್ತಾನೆ.

ಮೊನ್ನೆ ತಿಂಗಳ ತೂಕ. 33.1. ಅರ್ಧ ಕಿಲೋ ಜಾಸ್ತಿ. ಮನೆಗೆ ಬಂದು ಮಗಳು ನೋಟ್‌ಬುಕ್ ಬಿಡಿಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ಮೊದಲು ಅಜ್ಜನ ಕಡೆ ನೋಡಿದಳು. ಅಪ್ಪ ಜೇಬು ಹೊರಗೆಳೆದು ತೋರಿಸಿದರು, ಖಾಲಿ. ಅಮ್ಮ ತಲೆಯಾಡಿಸಿದಳು. ಹೆಂಡತಿ ಎರಡೂ ಕೈ ಎತ್ತಿ, ಈಗ ಏನೂ ಜಾರುತ್ತಿಲ್ಲ ಎಂದಳು. ನಾನು ಕೆಂಚನ ಕಡೆ ನೋಡಿದೆ. ಅವನು ಒಂದು ಸಲ ನನ್ನ ಮುಖ ನೋಡಿದ, ಒಂದು ಸಲ ಫ್ರಿಜ್ ನೋಡಿದ, ಆಮೇಲೆ ಹೋಗಿ ಅದರ ಬಾಗಿಲ ಮುಂದೆ ನೆಟ್ಟಗೆ ಕೂತ.